ಒಂದು ಗಂಟಿನ ವೈರು

ಕಾರಿನ ಇಂಜಿನ್ನಿನೊಳಗಿನ ಚೈನು ಸಡಿಲವಾಗಿದೆ ಎಂಬುದು ಅವಳ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿದಿತ್ತು. ಗಾಡಿ ನಿಂತಿದ್ದು ಇಂಜಿನ್ ಮಾತ್ರ ಓಡುತ್ತಿರುವಾಗ, ಕ್ಲಚ್ಚಿನ ಮೇಲಿಟ್ಟ ಪಾದವನ್ನು ಏನೋ ಸಣ್ಣಗೆ ಕಡಿದಂತಾಗುತ್ತಿತ್ತು. ಸದ್ದು ಆಮೇಲೆ ಬಂತು. ತಗಡಿನ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಯಾರೋ ಬಿಡದೆ ಅಲ್ಲಾಡಿಸುತ್ತಿರುವಂಥ ಸದ್ದು.

ಬೇರೆ ಯಾರದಾದರೂ ಗಾಡಿಯಾಗಿದ್ದರೆ ಇನ್ನೊಂದು ತಿಂಗಳು ಹಾಗೆಯೇ ಓಡಿಸಬಹುದಿತ್ತು. ಅವಳಿಗೆ ಆ ಸವಲತ್ತಿರಲಿಲ್ಲ. ಬೆಟ್ಟದ ಮೇಲಿನ ಜಲಾಶಯದ ಪಕ್ಕ, ನೀರು ಶುದ್ಧೀಕರಿಸುವ ಘಟಕದಲ್ಲಿ ಅವಳು ರಸಾಯನಶಾಸ್ತ್ರಜ್ಞೆ. ಊರಿಗೆಲ್ಲ ಹೋಗುವ ನೀರನ್ನು ದಿನವಿಡೀ ಗಾಜಿನ ಕೊಳವೆಗಳಲ್ಲಿ ತುಂಬಿ ಪರೀಕ್ಷಿಸುತ್ತಿದ್ದಳು. ಕುಡಿಯಲು ಮಾತ್ರ ಅವಳಿಗೆ ದಿನಕ್ಕೆ ಒಂದು ಚಿಕ್ಕ ಬಾಟಲಿ. ಅದರ ಮೇಲೆ ಅವಳೇ ಮೂರು ಗೆರೆ ಎಳೆದಿದ್ದಳು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಅವಳ ಎರಡು ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಬೆಟ್ಟ ಇಳಿದು, ಮೂರು ಗಂಟೆ ದೂರದ ಆಸ್ಪತ್ರೆಗೆ ಹೋಗಿ, ಎಡಗೈಗೆ ಸೂಜಿ ಚುಚ್ಚಿಸಿಕೊಂಡು, ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಆ ಕೈಯ ನಾಳಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿದ್ದರು. ಬೆರಳಿಟ್ಟರೆ ಒಳಗೆ ಯಾವುದೋ ಯಂತ್ರ ಓಡುತ್ತಿರುವಂತೆ ಝುಮ್ಮೆನ್ನುತ್ತಿತ್ತು. ಭಾರ ಎತ್ತುವಂತಿಲ್ಲ, ಜಗ್ಗುವಂತಿಲ್ಲ.

ಸತ್ತವರು ಯಾರಾದರೂ ಬಿಟ್ಟುಹೋಗುವ ಮೂತ್ರಪಿಂಡಕ್ಕಾಗಿ ಅವಳು ಕಾಯುತ್ತಿದ್ದಳು. ತಮ್ಮ ತನ್ನದನ್ನು ಕೊಡಲು ಮುಂದೆ ಬಂದಿದ್ದ, ಹೊಂದಲಿಲ್ಲ. ಹೋದ ತಿಂಗಳು ಆಸ್ಪತ್ರೆಯವರು, 'ನಿಮ್ಮ ರಕ್ತದ ಗುಂಪಿನಲ್ಲಿ ಈಗ ನೀವೇ ಒಂದನೆಯವರು. ಫೋನು ಬಂದ ಕೂಡಲೇ ಹೊರಡಬೇಕು, ತಡವಾದರೆ ಅದು ಮುಂದಿನವರಿಗೆ ಹೋಗುತ್ತದೆ' ಎಂದಿದ್ದರು. ಬೆಟ್ಟಕ್ಕೆ ಬರುವ ಬಸ್ಸು ಬೆಳಗ್ಗೆ ಒಂದೇ. ಹಾಗಾಗಿ ಅಪ್ಪ ಬಿಟ್ಟುಹೋದ ಹಳೇ ಕಾರು ಯಾವ ಗಳಿಗೆಯಲ್ಲೂ ಹೊರಡಲು ಸಿದ್ಧವಿರಬೇಕಿತ್ತು. ಇಳಿಜಾರಿನ ನಡುವೆ ಚೈನು ಕಡಿದುಕೊಂಡರೆ ಎಲ್ಲವೂ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ, ಶನಿವಾರ ರಜೆಯಿದ್ದ ತಮ್ಮನನ್ನು ಮೇಲಕ್ಕೆ ಕರೆಸಿಕೊಂಡಿದ್ದಳು.

ತಮ್ಮ ಕೆಳಗಿನ ಊರಿನ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಚಿಕ್ಕಂದಿನಲ್ಲಿ ಗಾಡಿ ಹತ್ತಿದರೆ ವಾಂತಿ. ಅಪ್ಪ ಬಾನೆಟ್ ಎತ್ತಿದರೆ ಇವನು ಮನೆಯೊಳಗೆ ಓಡುತ್ತಿದ್ದ. ಲಾರಿ ಓಡಿಸಿಯೇ ಬಾಳು ಸವೆಸಿದ ಅಪ್ಪ ತನ್ನ ವಿದ್ಯೆಯನ್ನೆಲ್ಲ ಮಗಳಿಗೇ ಕಲಿಸಿದ್ದ. ತಮ್ಮ ಬರುವಾಗ ಯಾವುದೋ ಹಳೇ ಪುಸ್ತಕದ ಅಂಗಡಿಯಿಂದ ಈ ಕಾರಿನ ಕೈಪಿಡಿಯನ್ನೇ ಹುಡುಕಿ ತಂದಿದ್ದ.

"ಅಕ್ಕಾ, ಮೊದಲು ಬ್ಯಾಟರಿಯ ವೈರು ಬಿಚ್ಚಬೇಕಂತೆ."

"ನೀನು ಅದನ್ನ ಬಿಚ್ಚು. ಅಷ್ಟರಲ್ಲಿ ನಾನು ಕೆಲಸ ಮುಗಿಸ್ತೀನಿ."

"ತಮಾಷೆ ಅಲ್ಲ. ಅಚ್ಚಾಗಿದೆ ಇಲ್ಲಿ."

"ಅಚ್ಚಾಗಿದ್ದೆಲ್ಲ ಸರಿ ಇದ್ದಿದ್ರೆ ನಿನಗ್ಯಾಕೋ ಸಂಬಳ ಕೊಡ್ತಿದ್ರು?"

ಅವನು ನಕ್ಕು ಬ್ಯಾಟರಿ ಬಿಚ್ಚಿದ. ಇಂಜಿನ್ನಿನ ಮೇಲ್ಮುಚ್ಚಳದ ಮೇಲೆ ಪ್ಲಗ್ಗಿನ ನಾಲ್ಕು ವೈರುಗಳು ಹಾದುಹೋಗಿದ್ದವು. ಅವನ್ನು ಪ್ಲಗ್ಗಿನಿಂದ ಕಿತ್ತು ಪಕ್ಕಕ್ಕೆ ಸರಿಸದೆ ಮುಚ್ಚಳ ಏಳುವಂತಿರಲಿಲ್ಲ. ಪ್ರತಿ ವೈರಿಗೂ ಮೇಣ ಹಚ್ಚಿದ ದಾರ ಕಟ್ಟಿತ್ತು.

"ಇದೇನು, ಗಾಡಿಗೆ ದೃಷ್ಟಿದಾರವಾ?"

"ಅಪ್ಪನ ನಂಬರು. ಒಂದನೇದಕ್ಕೆ ಒಂದು ಗಂಟು, ಎರಡನೇದಕ್ಕೆ ಎರಡು. ಕಿಡಿ ಹಂಚೋ ಡಬ್ಬಿಯ ಕಡೆಯ ತುದಿ ಮುಟ್ಟಬೇಡ. ವಾಪಸ್ ಹಾಕುವಾಗ ಒಂದನೇದು ಒಂದನೇದಕ್ಕೆ, ಅಷ್ಟೇ."

"ಇದು ನನಗೂ ಬರುತ್ತೆ ಬಿಡು. ಎಣಿಸೋದು ತಾನೇ."

ಮುಚ್ಚಳ ಎದ್ದಿತು. ಎಣ್ಣೆಯಲ್ಲಿ ಮಿಂದ ಚೈನು ಹಗಲ ಬೆಳಕಿಗೆ ಹೊಳೆಯಿತು. ಕೆಳಗಿನ ಹಲ್ಲಿನ ಚಕ್ರ ಎರಡು ಸುತ್ತು ಸುತ್ತಿದರೆ ಮೇಲಿನದು ಒಂದು ಸುತ್ತು. ಆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೇ ಚೈನಿನ ಕೆಲಸ. ಒಂದು ಹಲ್ಲು ಹಾರಿದರೂ ಇಂಜಿನ್ ತಪ್ಪು ಹೊತ್ತಿಗೆ ಉಸಿರೆಳೆದು ತಪ್ಪು ಹೊತ್ತಿಗೆ ಬಿಡುತ್ತದೆ. ಅವಳು ಬಲಗೈಯ ಹೆಬ್ಬೆರಳಿನಿಂದ ಚೈನನ್ನು ಒತ್ತಿದಳು. ಒಗೆದ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಿತು.

"ಈಗ ಬಿಗಿಮಾಡೋ ನಟ್ಟನ್ನ ಸಡಿಲ ಮಾಡ್ತೀನಿ. ನೀನು ಮುಂದೆ ಹೋಗಿ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸು. ಮುಂದಕ್ಕೆ ಮಾತ್ರ. ತಪ್ಪಿಯೂ ಹಿಂದಕ್ಕೆ ಬೇಡ, ಹಲ್ಲು ಹಾರುತ್ತೆ."

"ನನ್ನದಾ?"

"ಹಿಂದಕ್ಕೆ ತಿರುಗಿಸಿದ್ರೆ ನಿನ್ನದೂ ಹಾರುತ್ತೆ."

ಅವನು ತಿರುಗಿಸಿದ. ಒಳಗಿನ ಸ್ಪ್ರಿಂಗು ತನ್ನಷ್ಟಕ್ಕೆ ಚೈನನ್ನು ತಳ್ಳಿ ಸಡಿಲವನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಆಗಲೇ ಮಡ್‌ಗಾರ್ಡಿನ ಮೇಲಿಟ್ಟಿದ್ದ ಅವಳ ಫೋನು ಬಡಿದುಕೊಂಡಿತು. ಎಣ್ಣೆಗೈಯಲ್ಲೇ ಎತ್ತಿದಳು.

"ಅಂಗಾಂಗ ವಿಭಾಗದಿಂದ ಮಾತಾಡ್ತಿದ್ದೀನಿ. ನಿಮಗೆ ಹೊಂದೋದು ಒಂದು ಬಂದಿದೆ. ನಾಲ್ಕು ಗಂಟೆ ಒಳಗೆ ನೀವಿಲ್ಲಿರಬೇಕು. ಏನೂ ತಿನ್ನಬೇಡಿ, ನೀರೂ ಕುಡೀಬೇಡಿ. ಬರೋದಕ್ಕೆ ಗಾಡಿ ಇದೆಯಾ?"

ಅವಳ ಎದುರಿಗೆ ಇಂಜಿನ್ ಬಾಯಿ ತೆರೆದು ಕೂತಿತ್ತು. ಮುಚ್ಚಳ ನೆಲದ ಮೇಲಿತ್ತು.

"ಇದೆ" ಎಂದಳು.

ಗಂಟೆ ಇನ್ನೂ ಹನ್ನೆರಡಾಗಿರಲಿಲ್ಲ. ದಾರಿ ಮೂರು ಗಂಟೆಯದು. ಸಾಕಷ್ಟು ಸಮಯವಿದೆ ಎಂದು ಅವಳು ಗಟ್ಟಿಯಾಗಿಯೇ ಹೇಳಿಕೊಂಡಳು. ತಮ್ಮ ಹ್ಯಾಂಡಲ್ ಬಿಟ್ಟು ಎದ್ದು ನಿಂತಿದ್ದ. ಬಾಯಿ ಅಳುವ ಹಾಗಿತ್ತು, ಕಣ್ಣು ನಗುವ ಹಾಗೆ.

"ನಿಂತ್ಕೋಬೇಡವೋ, ಹಾಕು ಎಲ್ಲಾನೂ!"

ಅವಳು ನಟ್ಟು ಬಿಗಿದಳು. ಹೆಬ್ಬೆರಳು ಒತ್ತಿ ನೋಡಿದಳು. ಈಗ ಚೈನು ಬೇಕಾದಷ್ಟೇ ಬಗ್ಗಿತು. ಮುಚ್ಚಳ ಕೂರಿಸಿ ಬೋಲ್ಟು ಬಿಗಿಯುವಷ್ಟರಲ್ಲಿ ತಮ್ಮ ಪ್ಲಗ್ಗಿನ ವೈರುಗಳನ್ನೂ ಬ್ಯಾಟರಿಯದನ್ನೂ ಸಿಕ್ಕಿಸಿದ್ದ. ಅವಳು ಓಡಿಹೋಗಿ ಕೈ ತೊಳೆದು, ಆಸ್ಪತ್ರೆಯ ಚೀಲ ತಂದು ಹಿಂದಿನ ಸೀಟಿಗೆಸೆದು, ಕೀಲಿ ತಿರುಗಿಸಿದಳು.

ಇಂಜಿನ್ ತಿರುಗಿತು. ಹತ್ತಲಿಲ್ಲ. ಮತ್ತೆ ತಿರುಗಿಸಿದಳು. ಕಾರ್ಬುರೇಟರಿನ ಬಾಯಿಂದ 'ಭಫ್' ಎಂದು ಬೆಂಕಿ ಬೆರೆತ ಹೊಗೆ ಹಿಂದಕ್ಕೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ತಮ್ಮನ ಹುಬ್ಬು ಸುಟ್ಟಿತು.

ಘಟಕದ ಗೇಟು ಕಾಯುವ ಮುದುಕನನ್ನು ಎಲ್ಲರೂ ಗೇಟು ತಾತ ಎನ್ನುತ್ತಿದ್ದರು. ಅವನು ಸದ್ದು ಕೇಳಿ ಬಂದ.

"ಏನು ಲ್ಯಾಬಮ್ಮಾ, ಗಾಡಿ ಸೀನ್ತಾ ಇದೆ? ಬಿಸಿನೀರಿನ ಹಬೆ ಕೊಡಬೇಕಾ?"

ತಮ್ಮ ವಿಷಯ ಹೇಳಿದ. ತಾತನ ನಗೆ ಮುಖದ ಮೇಲೆ ಅರ್ಧಕ್ಕೇ ನಿಂತುಹೋಯಿತು. ಗೇಟಿನ ಕೋಣೆಯ ಫೋನಿನತ್ತ ಓಡಿದ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಬಂದ. ಘಟಕದ ಜೀಪು ಇಂಜಿನಿಯರ್ ಜೊತೆ ಕಾಲುವೆಯ ಕಡೆ ಹೋಗಿದೆ, ಅಲ್ಲಿ ಫೋನು ಸಿಗುವುದಿಲ್ಲ. ಬೆಟ್ಟದ ಬುಡದ ಟ್ಯಾಕ್ಸಿಯವನು ಮೇಲೆ ಬರಲಿಕ್ಕೇ ಎರಡು ಗಂಟೆ ಬೇಕೆನ್ನುತ್ತಾನೆ. ಆಂಬ್ಯುಲೆನ್ಸ್ ಹೊರಡಬೇಕಾದ್ದೂ ಅದೇ ಆಸ್ಪತ್ರೆಯ ಊರಿನಿಂದ.

"ನನ್ನ ಮೊಪೆಡ್ಡಿದೆ. ಆದರೆ ಇಳಿಜಾರಲ್ಲಿ ಅದಕ್ಕೆ ಬ್ರೇಕು ಅಂದ್ರೆ ನನ್ನ ಚಪ್ಪಲೀನೇ."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಹೊಗೆ ಕಾರ್ಬುರೇಟರಿನಿಂದ ಹಿಂದಕ್ಕೆ ಬಂದಿದೆ ಎಂದರೆ, ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು ತೆರೆದಿರುವಾಗ ಕಿಡಿ ಹಾರಿದೆ. ಎಂದರೆ ಹೊತ್ತು ತಪ್ಪಿದೆ. ಎಂದರೆ ಚೈನು. ಅವಳು ತಮ್ಮನತ್ತ ತಿರುಗಿದಳು.

"ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದ್ಯಾ?"

"ಇಲ್ಲಕ್ಕಾ."

"ನಿಜ ಹೇಳು. ಬಯ್ಯಲ್ಲ."

ಅವನು ಸುಟ್ಟ ಹುಬ್ಬನ್ನು ಸವರಿಕೊಂಡ. "ಫೋನು ಬಂತಲ್ಲ, ಆಗ ಕೈ ಜಾರಿತು. ಸ್ವಲ್ಪ ಹಿಂದೆ ಹೋಯ್ತೇನೋ. ಸ್ವಲ್ಪವೇ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು. ಅವಳು ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಮುಚ್ಚಳದ ಬೋಲ್ಟುಗಳಿಗೆ ಹಾಕಿದಳು. ಒಂದು ಕೈಗೆ ಬೋಲ್ಟು ಜಗ್ಗದಿದ್ದಾಗ ಎಡಗೈಯನ್ನೂ ಹಚ್ಚಿದಳು. ತಮ್ಮ "ಆ ಕೈ ಬೇಡ, ಆ ಕೈ ಬೇಡ" ಎಂದು ಕಿತ್ತುಕೊಳ್ಳಲು ಬಂದಾಗ ಮೊಣಕೈಯಿಂದ ತಳ್ಳಿದಳು. ಒಂದು ಬೋಲ್ಟು ಜಾರಿ ಎಲ್ಲೋ ಬಿತ್ತು. ಮೂವರೂ ನೆಲಕ್ಕೆ ಮಲಗಿ ಹುಡುಕಿದರು. ಅದು ಕಾರಿನ ಹೊಟ್ಟೆಯಡಿಯ ತಗಡಿನಲ್ಲಿ ಸಿಕ್ಕಿಕೊಂಡಿತ್ತು. ತಾತ ಊರುಗೋಲಿನ ತುದಿಯಿಂದ ಕೆದಕಿ ತೆಗೆದ.

ಮುಚ್ಚಳ ಎದ್ದಿತು. ಚಕ್ರದ ಮೇಲಿನ ಗುರುತು ಕೊರೆದ ಗೆರೆಗೆ ಬರುವ ತನಕ ತಮ್ಮ ಹ್ಯಾಂಡಲನ್ನು ಉಸಿರು ಬಿಗಿಹಿಡಿದು ತಿರುಗಿಸಿದ. ಗುರುತು ಗೆರೆಗೆ ಬಂತು. ಕೆಳಗಿನದೂ ತನ್ನ ಗೆರೆಗೆ ಬಂತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚೈನು ಸರಿಯಿತ್ತು. ಮೊದಲಿಂದಲೂ ಸರಿಯಿತ್ತು.

ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ಸರಿಯಾಗಿರುವುದನ್ನು ಏನು ಮಾಡುವುದು? ಅವಳು ಆ ಹೊಳೆಯುವ ಚೈನನ್ನು ನೋಡುತ್ತಾ ನಿಂತಳು. ಗಂಟಲು ಒಣಗಿ ಅಂಟಿಕೊಂಡಿತ್ತು. ನೂರು ಹೆಜ್ಜೆಯಾಚೆ ಶೋಧಕ ತೊಟ್ಟಿಗಳಲ್ಲಿ ಇಡೀ ಊರಿನ ನೀರು ಸದ್ದು ಮಾಡುತ್ತಾ ಬೀಳುತ್ತಿತ್ತು.

"ಮುಚ್ಚು" ಎಂದಳು. "ವೈರು ಹಾಕು. ಸರಿಯಾಗಿ ನೋಡಿ ಹಾಕು."

"ನೋಡಿಯೇ ಹಾಕಿದ್ದೀನಿ. ಒಂದನೇದು ಒಂದನೇದಕ್ಕೆ, ನಾಲ್ಕನೇದು ನಾಲ್ಕನೇದಕ್ಕೆ. ನನ್ನ ಕೆಲಸವೇ ಅದು ಅಕ್ಕಾ, ನೋಡೋದು. ವೈರು ಮುರುಟಿಕೊಂಡಿವೆ, ಎರಡು ಸಾಲ್ತಾ ಇರಲಿಲ್ಲ, ಎಳೆದು ಹಾಕಿದೆ."

ಮತ್ತೆ ಕೀಲಿ. ಮತ್ತೆ ಭಫ್. ಮತ್ತೆ. ಪ್ರತಿ ಸಲವೂ ಇಂಜಿನ್ ಸ್ವಲ್ಪ ನಿಧಾನವಾಗಿ ತಿರುಗಿತು. ಕೊನೆಗೆ ತಿರುಗುವುದನ್ನೂ ಬಿಟ್ಟು, ಟಿಕ್ ಎಂದಷ್ಟೇ ಅಂದಿತು. ಬ್ಯಾಟರಿ ಸತ್ತಿತ್ತು. ತಮ್ಮ ಹ್ಯಾಂಡಲ್ ಹಿಡಿದು ಅಂಗೈ ಬೊಬ್ಬೆಯೇಳುವ ತನಕ ತಿರುಗಿಸಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಒಂದೊಂದು ಸಲ ತಿರುಗಿಸುವಾಗಲೂ "ಹತ್ತು, ಹತ್ತು" ಎನ್ನುತ್ತಿದ್ದ. ಆಮೇಲೆ ಅದು ಮಾತಾಗಿ ಉಳಿಯದೆ ಬರೀ ನರಳಾಟವಾಯಿತು.

"ಬಿಡಪ್ಪಾ ಕರಡು ಸ್ವಾಮಿ, ಎದೆ ಒಡ್ಕೋತೀಯ" ಎಂದು ತಾತ ಅವನ ಭುಜ ಹಿಡಿದ. "ಇಳಿಜಾರಿದೆಯಲ್ಲ. ತಳ್ಳೋಣ."

ವಸತಿಗೃಹಗಳ ಮುಂದಿನಿಂದ ಕೆಳಗಿನ ಗೇಟಿನ ತನಕ ಒಂದು ಇಳಿಜಾರಿತ್ತು. ಗೇಟಿನಾಚೆ ರಸ್ತೆ ಮತ್ತೆ ಏರುತ್ತದೆ. ಇಳಿಯುವಷ್ಟರಲ್ಲಿ ಇಂಜಿನ್ ಹತ್ತಿದರೆ ಹತ್ತಿತು. ಹತ್ತದಿದ್ದರೆ, ಕಾರನ್ನು ವಾಪಸ್ ಮೇಲಕ್ಕೆ ತಳ್ಳಲು ಒಬ್ಬ ಮುದುಕ, ಒಬ್ಬ ಕರಡು ತಿದ್ದುವವ, ಒಂದೇ ಕೈಯ ಒಬ್ಬ ರೋಗಿ. ಅದು ಆಗುವ ಮಾತಲ್ಲ.

ತಳ್ಳಿಕೊಂಡು ಹೋಗಿ ಇಳಿಜಾರಿನ ನೆತ್ತಿಗೆ ನಿಲ್ಲಿಸಿದರು. ಅವಳು ಒಳಗೆ ಕೂತು ಬ್ರೇಕು ಹಿಡಿದಳು. ಗಡಿಯಾರ ನೋಡಲಿಲ್ಲ, ನೋಡದೆಯೂ ತಿಳಿದಿತ್ತು, ಈಗ ಹೊರಟರೂ ಕಷ್ಟ. ಕಿಟಕಿಯ ಹತ್ತಿರ ತಮ್ಮನ ಮುಖ ಬಂತು. ಅವನು ಬೇಡಿಕೊಳ್ಳುವವನ ಹಾಗೆ ಹೇಳುತ್ತಲೇ ಇದ್ದ:

"ನಾನೇನೂ ತಪ್ಪು ಮಾಡಿಲ್ಲ ಅಕ್ಕಾ. ಪುಸ್ತಕ ನೋಡೇ ಹಾಕಿದ್ದು. ಒಂದನೇದು ಒಂದನೇದಕ್ಕೇ..."

ಅವಳು ಸ್ಟಿಯರಿಂಗ್ ಹಿಡಿದು ಎದುರಿನ ಗಾಜಿನಾಚೆಯ ಬಾನೆಟ್ಟನ್ನು ನೋಡುತ್ತಿದ್ದಳು. ಅಪ್ಪ ಕೂರುತ್ತಿದ್ದ ಜಾಗ. ಅಪ್ಪನ ಲಾರಿಯಲ್ಲಿ ಇಂಜಿನ್ ಇರುತ್ತಿದ್ದದ್ದು ಕ್ಯಾಬಿನ್ನಿನೊಳಗೇ, ಅವನ ಮೊಣಕಾಲಿನ ಪಕ್ಕ. ಅವನು ಕೂತಲ್ಲಿಂದಲೇ ಮುಚ್ಚಳ ತಟ್ಟಿ ಎಣಿಸುತ್ತಿದ್ದ: ಇದು ಒಂದು, ಅದು ಎರಡು. 'ಓಡಿಸೋನು ಎಲ್ಲಿ ಕೂತಿದ್ದಾನೋ ಅಲ್ಲಿಂದ ಲೆಕ್ಕ ಶುರು ಮಗಾ.'

"ಯಾವುದನ್ನ ಒಂದನೇದು ಅಂತೀಯ ನೀನು?"

"ಅಂದ್ರೆ?"

"ಯಾವ ಕಡೆಯಿಂದ ಎಣಿಸಿದೆ?"

"ಮುಂದಿನಿಂದ. ರೇಡಿಯೇಟರ್ ಕಡೆಯಿಂದ. ಪುಸ್ತಕದಲ್ಲಿ ಹಾಗೇ ಚಿತ್ರ ಇದೆ."

ಅವಳು ಕೈಬ್ರೇಕು ಎಳೆದು ಬಾಗಿಲು ತಳ್ಳಿಕೊಂಡು ಇಳಿದಳು. ಪುಸ್ತಕ ಸರಿ, ಅಪ್ಪನ ಗಂಟು ಸರಿ, ಅವಳು ಹೇಳಿದ್ದೂ ಸರಿ, ಅವನು ಮಾಡಿದ್ದೂ ಸರಿ. ಪುಸ್ತಕದ ಒಂದು ಅಪ್ಪನ ನಾಲ್ಕು. ಈ ಇಂಜಿನ್ನಿನಲ್ಲಿ ತುದಿಯ ಎರಡು ಪಿಸ್ಟನ್‌ಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಹೊರಗಿನಿಂದ ನೋಡಿದರೆ ಅವಳಿಜವಳಿ. ಆದರೆ ಒಂದು ಉಸಿರು ಬಿಗಿಹಿಡಿದು ಏರಿದ್ದರೆ ಇನ್ನೊಂದು ಉಸಿರು ಬಿಟ್ಟು ಏರಿರುತ್ತದೆ. ಕಿಡಿ ಬೇಕಾದದ್ದು ಬಿಗಿಹಿಡಿದದ್ದಕ್ಕೆ. ಒಂದು ಗಂಟೆಗೂ ಹೆಚ್ಚು ಹೊತ್ತಿನಿಂದ ಅವರು ಉಸಿರು ಬಿಟ್ಟದ್ದಕ್ಕೇ ಕಿಡಿ ಕೊಡುತ್ತಿದ್ದರು.

ಅವಳು ನಾಲ್ಕು ವೈರುಗಳನ್ನೂ ಕಿತ್ತಳು. ಒಂದು ಗಂಟಿನದನ್ನು ಚಾಲಕನ ಕಡೆಯ ಕೊನೆಯ ಪ್ಲಗ್ಗಿಗೆ ಹಾಕಿದಳು. ಎಳೆಯಬೇಕಾಗಲಿಲ್ಲ. ಉಳಿದ ಮೂರೂ ಎಳೆಯದೆಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ತಮ್ಮ ನೋಡುತ್ತಾ ನಿಂತಿದ್ದ. ಅವನಿಗೆ ಅರ್ಥವಾದದ್ದು ಅವನ ಮುಖದಲ್ಲಿ ನಿಧಾನವಾಗಿ, ಮೇಲಿಂದ ಕೆಳಕ್ಕೆ, ಇಳಿಯಿತು.

"ನೂಕಿ ಹತ್ತು" ಎಂದು ಸೀಟಿಗೆ ಕೂತಳು. "ತಾತಾ, ಗೇಟು!"

ತಾತ ಊರುಗೋಲು ಬಿಸುಟು ಇಳಿಜಾರಿನುದ್ದಕ್ಕೂ ಓಡಿದ. ತಮ್ಮ ಹಿಂದಿನಿಂದ ನೂಕಿ, ಓಡುವ ಕಾರಿಗೆ ಹಾರಿ ಕೂತ. ಅರ್ಧ ಇಳಿದ ಮೇಲೆ ಅವಳು ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟಳು. ಕಾರು ಮುಗ್ಗರಿಸಿ ಒಂದು ಸಲ ಕೆಮ್ಮಿತು, ಹತ್ತಿತು. ಗೇಟು ತೆರೆದಿತ್ತು.

ಬೆಟ್ಟದ ತಿರುವುಗಳಲ್ಲಿ ಅವಳು ಹಿಂದೆಂದೂ ಓಡಿಸದ ವೇಗದಲ್ಲಿ ಓಡಿಸಿದಳು. ತಮ್ಮ ಒಂದು ಕೈಯಲ್ಲಿ ಕಿಟಕಿ, ಇನ್ನೊಂದರಲ್ಲಿ ಫೋನು ಹಿಡಿದು, ನಡುನಡುವೆ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದ. ಬಯಲಿಗೆ ಬಂದ ಮೇಲೆ ಫೋನು ಸಿಕ್ಕಿತು.

"ಎಲ್ಲಿದ್ದೀರಿ? ಎರಡನೆಯವರು ಬಂದು ಕೂತಿದ್ದಾರೆ. ನಾವು ನಾಲ್ಕರ ತನಕ ಕಾಯ್ತೀವಿ. ಆಮೇಲೆ ನಮ್ಮ ಕೈಯಲ್ಲಿಲ್ಲ."

"ಬಂದ್ವಿ, ಇನ್ನೇನು ಬಂದ್ವಿ" ಎಂದ ತಮ್ಮ. ಹೊರಗೆ ನೋಡಿದರೆ ಇನ್ನೂ ಅರ್ಧ ದಾರಿಗೆ ಸಿಗುವ ಕಬ್ಬಿಣದ ಕಾರ್ಖಾನೆಯೂ ಬಂದಿರಲಿಲ್ಲ.

ನಾಲ್ಕಾದಾಗ ಅವರು ಊರಿನ ಹೊರಗೆ ಲಾರಿಗಳ ಸಾಲಿನ ಹಿಂದಿದ್ದರು. ಸಾಲು ಕರಗಿದ ಮೇಲೂ ಅವಳು ವೇಗ ಇಳಿಸಲಿಲ್ಲ. ಆ ಇನ್ನೊಬ್ಬರ ರಕ್ತ ಹೊಂದದೆ ಹೋಗಬಹುದು. ಹಾಗೆಂದು ಅವಳು ಆಶಿಸಿದಳು, ಆಶಿಸಿದ್ದು ತನಗೇ ಗೊತ್ತಾಗಿ ಕಣ್ಣು ಉಜ್ಜಿಕೊಂಡಳು.

ಮೂರನೇ ಮಹಡಿಯ ಪಡಸಾಲೆಯಲ್ಲಿ ಫೋನು ಮಾಡಿದ್ದ ಹೆಣ್ಣುಮಗಳು ಎದುರಾದಳು. ಆಕೆ ಹೇಳಬೇಕಾಗಿಯೇ ಇರಲಿಲ್ಲ. "ಈಗಷ್ಟೇ ಒಳಗೆ ಕರ್ಕೊಂಡು ಹೋದರು" ಎಂದಳು. "ಮುಂದಿನ ಸಲಕ್ಕೂ ನೀವೇ ಒಂದನೆಯವರು. ಅದು ಬದಲಾಗಲ್ಲ."

ಅವಳು ಹೋಗಿ ಗೋಡೆಯ ಬೆಂಚಿನಲ್ಲಿ ಕೂತಳು. ಆ ಬೆಂಚಿನಲ್ಲಿ ಆಗಲೇ ಒಬ್ಬಾಕೆ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಗಂಡಸರ ಒಂದು ಜೊತೆ ಚಪ್ಪಲಿ.

"ನೀವು ಯಾರಿಗಾಗಿ ಬಂದಿದ್ದೀರಮ್ಮಾ?" ಎಂದು ಆಕೆ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ, ಮಾತು ತಾನಾಗಿ ಉಕ್ಕುತ್ತಿತ್ತು. "ನನ್ನ ಮಗನ್ನ ಒಳಗೆ ಕರ್ಕೊಂಡು ಹೋಗಿದ್ದಾರೆ. ಬೇರೆ ಯಾರಿಗೋ ಬರಬೇಕಿತ್ತಂತೆ. ಅವರು ಬರಲೇ ಇಲ್ಲವಂತೆ. ಯಾರೋ ಏನೋ, ಪಾಪ. ಏನಾಯ್ತೋ ಅವರಿಗೆ."

ತಮ್ಮ ಬಾಯಿ ತೆರೆದ. ಅವಳು ಅವನ ಬೊಬ್ಬೆಯೆದ್ದ ಅಂಗೈಯನ್ನು ಒತ್ತಿ ಹಿಡಿದಳು.

"ಗಾಡಿ ಕೆಟ್ಟಿತ್ತಂತೆ" ಎಂದಳು.

"ಅಯ್ಯೋ" ಎಂದಳು ಆಕೆ, ಮನಸ್ಸಿಟ್ಟು. ಆಮೇಲೆ ಚೀಲವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು ಬಾಗಿಲ ಮೇಲಿನ ಕೆಂಪು ದೀಪದ ಕಡೆ ತಿರುಗಿದಳು.

ಅವರು ಕಾರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಅವಳು ಚೀಲದಿಂದ ಬಾಟಲಿ ತೆಗೆದು ಕುಡಿದಳು. ಮೊದಲ ಗೆರೆ ದಾಟಿತು. ಎರಡನೆಯದೂ ದಾಟಿತು.

"ಅಕ್ಕಾ, ಗೆರೆ..."

"ಬೆಳಗ್ಗೆಯಿಂದ ಮುಟ್ಟೇ ಇಲ್ಲ, ಇವತ್ತಿನದು ಪೂರ್ತಿ ಉಳಿದಿದೆಯಲ್ಲೋ."

ಅವನು ಅಳಲು ಶುರುಮಾಡಿದ. ಚಿಕ್ಕ ಹುಡುಗನ ಹಾಗೆ, ಮೂಗು ಒರೆಸಿಕೊಳ್ಳುತ್ತಾ. ಅಳುತ್ತಲೇ ಕೇಳಿದ: "ಮುಂದಿನ ಸಲ ಅಂದ್ರೆ ಯಾವಾಗ?"

"ನಿನ್ನ ಪುಸ್ತಕದಲ್ಲಿ ಇಲ್ವಾ?"

ಅಂದ ಮೇಲೆ ಅವಳಿಗೆ ಕೆಡುಕೆನಿಸಿತು. ಕೈ ಚಾಚಿ ಅವನ ಸುಟ್ಟ ಹುಬ್ಬನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು, ಚೈನು ನೋಡುವಾಗ ಒತ್ತಿದ ಹಾಗೆಯೇ. ಕೀಲಿ ತಿರುಗಿಸಿದಳು. ದಾರಿಯುದ್ದಕ್ಕೂ ತುಂಬಿಕೊಂಡಿದ್ದ ಬ್ಯಾಟರಿಗೆ ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಡಬ್ಬಿಯ ಕಲ್ಲಿನ ಸದ್ದಿಲ್ಲ, ಅಂಗಾಲಿಗೆ ಕಡಿತವಿಲ್ಲ. ಅಪ್ಪನ ಕಾಲದಲ್ಲೂ ಅದು ಇಷ್ಟು ನಯವಾಗಿ ಓಡಿದ್ದು ಅವಳಿಗೆ ನೆನಪಿರಲಿಲ್ಲ. ಅವಳು ಗೇರು ಹಾಕದೆ, ಸ್ಟಿಯರಿಂಗಿನ ಮೇಲೆ ಎಡಗೈಯಿಟ್ಟು, ಆ ನಿಶ್ಶಬ್ದವನ್ನೂ ಕೈಯೊಳಗಿನ ಝುಮ್ಮನ್ನೂ ಕೇಳುತ್ತಾ ಬಹಳ ಹೊತ್ತು ಕೂತಳು.